ಸ್ವಂತ ನೋಡ್ ಹಾಕಿದ್ದರಿಂದ ನನಗೇನು ಸಿಕ್ಕಿತು?

ಬಿಟ್‌ಕಾಯಿನ್ ಫುಲ್ ನೋಡ್ (ಎಲ್ಲಾ ವಹಿವಾಟಿನ ದಾಖಲೆ ಇಳಿಸಿಕೊಂಡು ನಿಯಮದ ಪ್ರಕಾರ ಇದೆಯಾ ಅಂತ ತಾನೇ ಪರೀಕ್ಷಿಸುವ ಕಂಪ್ಯೂಟರ್) ಹಾಕುತ್ತೇನೆ ಅಂದಾಗ ಗೆಳೆಯ ಕೇಳಿದ ಮೊದಲ ಪ್ರಶ್ನೆ, "ಅದರಿಂದ ದುಡ್ಡೆಷ್ಟು ಬರುತ್ತೋ?" ಬಿಡಿಗಾಸೂ ಬರುವುದಿಲ್ಲ. 2024ರ ಏಪ್ರಿಲ್‌ನಿಂದ ಒಂದು ಬ್ಲಾಕ್‌ಗೆ (ವಹಿವಾಟುಗಳ ಒಂದು ಕಟ್ಟಿಗೆ) ಹೊಸದಾಗಿ ಹುಟ್ಟುವ 3.125 ಬಿಟ್‌ಕಾಯಿನ್ ಪೂರ್ತಿ ಆ ಬ್ಲಾಕ್ ಕಟ್ಟಿದ ಮೈನರ್‌ಗೆ ಹೋಗುತ್ತದೆ. ನೋಡ್‌ಗೆ ಅದರಲ್ಲಿ ಪಾಲಿಲ್ಲ. ಅವನಿಗೆ ಅಲ್ಲಿಗೇ ಆಸಕ್ತಿ ಹೋಯಿತು.

ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿ ಬಿಟ್‌ಕಾಯಿನ್ ಕೋರ್ ಅನ್ನೋ ನೋಡ್ ಸಾಫ್ಟ್‌ವೇರ್ ಶುರು ಮಾಡಿದೆ. ಇಲ್ಲಿವರೆಗಿನ ಎಲ್ಲಾ ಬ್ಲಾಕ್ ಸೇರಿ 600 ಜಿಬಿಗೂ ಜಾಸ್ತಿ ಇಳಿಯಬೇಕು. 2009ರ ಬ್ಲಾಕ್‌ಗಳು ಹೆಚ್ಚುಕಮ್ಮಿ ಖಾಲಿ, ಮೊದಲ ಕೆಲವು ವರ್ಷ ಸರಸರ ಓಡಿಬಿಡುತ್ತವೆ, ಆಮೇಲೆ ಶುರು ನೋಡಿ ತೆವಳಾಟ. ಖರ್ಚಾಗುವ ಪ್ರತಿ ಕಾಯಿನ್ ನಿಜಕ್ಕೂ ಇದೆಯಾ, ಆಗಲೇ ಖರ್ಚಾಗಿದೆಯಾ ಅಂತ ಡಿಸ್ಕ್‌ನಲ್ಲಿ ಅಲ್ಲಿ ಇಲ್ಲಿ ಹುಡುಕಬೇಕಲ್ಲ, ಹಳೇ ಹಾರ್ಡ್ ಡಿಸ್ಕ್ ಆದರೆ ಅದಕ್ಕೇ ಏದುಸಿರು ಬರುತ್ತದೆ. ಡಿಬಿಕ್ಯಾಶ್ (ಈ ಹುಡುಕಾಟಕ್ಕೆ ಕೋರ್ ಬಳಸುವ ಮೆಮೊರಿ) ಜಾಸ್ತಿ ಮಾಡಿದ ಮೇಲೆ ಸ್ವಲ್ಪ ಚುರುಕಾಯಿತು. (ಅಂದಹಾಗೆ, ಎಲ್ಲವನ್ನೂ ನಾನೇ ಪರೀಕ್ಷೆ ಮಾಡಿದೆ ಅನ್ನೋದು ಪೂರ್ತಿ ನಿಜ ಅಲ್ಲ. ಸೆಟ್ಟಿಂಗ್ ಬದಲಿಸದಿದ್ದರೆ ಹಳೇ ಬ್ಲಾಕ್‌ಗಳ ಸಹಿಗಳನ್ನು (ಖರ್ಚು ಮಾಡಿದವನು ನಿಜವಾದ ಮಾಲೀಕ ಅನ್ನೋದಕ್ಕೆ ಪುರಾವೆ) ಕೋರ್ ನೋಡದೆ ಬಿಡುತ್ತದೆ.)

ಸಿಂಕ್, ಅಂದರೆ ಇಳಿಸಿ ಪರೀಕ್ಷಿಸುವ ಈ ಕೆಲಸ, ಮುಗಿಯಿತು. ಇಲ್ಲಿಗೇ ನಿಲ್ಲಿಸುವವರು ಬಹಳ ಜನ, ಆದರೆ ಇಲ್ಲಿವರೆಗೆ ಬಳಕೆದಾರನಿಗೆ ಸಿಕ್ಕಿದ್ದು ಸೊನ್ನೆ. ನೋಡ್ ಪಾಡಿಗೆ ನೋಡ್ ಓಡುತ್ತಿರುತ್ತದೆ, ವಾಲೆಟ್ (ಕಾಯಿನ್ ಖರ್ಚು ಮಾಡಲು ಬೇಕಾದ ಗುಪ್ತ ಕೀ ಇಟ್ಟುಕೊಳ್ಳುವ ಆ್ಯಪ್) ಮಾತ್ರ ಇನ್ಯಾರದೋ ಸರ್ವರ್ ಹತ್ತಿರ ಹೋಗಿ "ನನ್ನ ಲೆಕ್ಕದಲ್ಲಿ ಎಷ್ಟಿದೆ" ಅಂತ ಕೇಳುತ್ತಿರುತ್ತದೆ. ಹಾಗೆ ಕೇಳುವಾಗ ಕಾಯಿನ್ ಬಂದು ಸೇರುವ ನನ್ನ ವಿಳಾಸಗಳೆಲ್ಲ ಒಟ್ಟಿಗೆ ಆ ಸರ್ವರ್ ಕೈಗೆ ಹೋಗುತ್ತವೆ. ಯಾವ್ಯಾವುದು ಒಬ್ಬನದೇ ಅಂತ ಅವರಿಗೆ ಗೊತ್ತಾಗುತ್ತದೆ.

ಅದೇ ದಿನ ಸ್ಪ್ಯಾರೋ ಅನ್ನೋ ವಾಲೆಟ್ಟನ್ನು ನನ್ನ ಕೋರ್‌ಗೆ ಜೋಡಿಸಿದೆ. ಹಳೇ ವಹಿವಾಟು ಹುಡುಕೋಕೆ ಅದು ತುಂಬಾ ಹೊತ್ತು ತೆಗೆದುಕೊಂಡಿತು, ಆಮೇಲೆ ಮೊತ್ತ ಬಂತು. ಮೊದಲು ತೋರಿಸುತ್ತಿದ್ದ ಅಂಕಿಯೇ! ಹೊರಗಿನಿಂದ ನೋಡಿದರೆ ಏನೂ ಬದಲಾಗಿಲ್ಲ, ಆದರೆ ಈಗ ಬೇರೆ ಯಾರನ್ನೂ ಕೇಳಿಲ್ಲ. ಇನ್ನೊಂದು ವಾಲೆಟ್‌ನಿಂದ ಚಿಲ್ಲರೆ ಮೊತ್ತ ಕಳಿಸಿ ನೋಡಿದೆ. ಮೊದಲು ನನ್ನ ಮೆಂಪೂಲ್‌ನಲ್ಲಿ (ಇನ್ನೂ ಬ್ಲಾಕ್ ಸೇರದ ವಹಿವಾಟುಗಳ ಸಾಲಿನಲ್ಲಿ) ಕಾಣಿಸಿತು, ಆಮೇಲೆ ಬ್ಲಾಕ್‌ಗೆ ಸೇರಿತು. ಹಾಗಂತ ನನ್ನ ಐಪಿ, ಅಂದರೆ ಇಂಟರ್ನೆಟ್ ವಿಳಾಸ, ಮರೆಯಾಗಿಬಿಡುತ್ತದೆ ಅಂತಲ್ಲ, ಅದಕ್ಕೆ ಗುರುತು ಮರೆಸುವ ಟಾರ್ ಜಾಲ ಬೇಕು.

ನಿಯಮ ಕಾಯುವ ವಿಷಯ ಇನ್ನೊಂದು. 2010ರ ಆಗಸ್ಟ್‌ನಲ್ಲಿ ಒಂದು ದೋಷದಿಂದ 74638ನೇ ಬ್ಲಾಕ್‌ನಲ್ಲಿ 18,400 ಕೋಟಿಗೂ ಹೆಚ್ಚು ಬಿಟ್‌ಕಾಯಿನ್ ಹುಟ್ಟಿಕೊಂಡಿತ್ತು. ಇರಬೇಕಾದ ಮಿತಿಯೇ 2.1 ಕೋಟಿ! ಸರಿಪಡಿಸಿದ ಸಾಫ್ಟ್‌ವೇರ್ ಹಾಕಿಕೊಂಡ ನೋಡ್‌ಗಳು ಆ ಬ್ಲಾಕನ್ನು ಒಪ್ಪಲಿಲ್ಲ, ಕೊನೆಗೆ ಅದು ಸರಪಳಿಯಿಂದಲೇ ಹೊರಬಿತ್ತು. ಬ್ಲಾಕ್ ಹೆಡರ್ (ಬ್ಲಾಕ್‌ನ ಚಿಕ್ಕ ತಲೆಬರಹ) ಮಾತ್ರ ನೋಡುವ ಹಗುರ ವಾಲೆಟ್‌ಗೆ ಇಂಥದ್ದು ಗೊತ್ತೇ ಆಗುವುದಿಲ್ಲ. ನನ್ನೊಬ್ಬನ ನೋಡ್ ಬೇಡ ಅಂದರೆ ಜಗತ್ತೇನೂ ನಿಲ್ಲುವುದಿಲ್ಲ ನಿಜ, ಆದರೆ ಯಾರಾದರೂ ನನಗೆ ಕೊಟ್ಟ ಹಣ ಸರಿ ಇದೆಯಾ ಅಂತ ನಾನೇ ತಿಳಿಯಬಹುದು.

ಹಾಗಾದರೆ ಎಲ್ಲರೂ ಹಾಕಬೇಕಾ? ಕಾಯಿನ್ ಎಕ್ಸ್‌ಚೇಂಜ್‌ನಲ್ಲೇ (ಕೊಂಡು ಮಾರುವ ಕಂಪನಿಯಲ್ಲೇ) ಇದ್ದರೆ ಸುಮ್ನೆ ಕರೆಂಟ್ ದಂಡ, ಅವರ ಒಳಗಿನ ಲೆಕ್ಕ ನಿಮ್ಮ ನೋಡ್‌ಗೆ ಕಾಣುವುದೇ ಇಲ್ಲ. ಅಂಥವರು ಮೊದಲು ಸ್ವಂತ ವಾಲೆಟ್ ಮಾಡಿಕೊಳ್ಳಲಿ. ಕೀ ನಿಮ್ಮ ಕೈಯಲ್ಲಿದ್ದು ಆಗಾಗ ಹಣ ಬರುತ್ತಾ ಹೋಗುತ್ತಾ ಇದ್ದರೆ ಖಂಡಿತ ಉಪಯೋಗ ಇದೆ. ಜಾಗ ಇಲ್ಲದವರಿಗೆ ಪರೀಕ್ಷೆ ಮುಗಿದ ಹಳೇ ಬ್ಲಾಕ್ ಅಳಿಸುವ ಪ್ರೂನ್ ಇದೆ, ಬ್ಲಾಕ್‌ಗಳನ್ನು 550 ಎಂಬಿವರೆಗೂ ಇಳಿಸಬಹುದು. ಆದರೂ ಒಂದು ಸಲ ಎಲ್ಲಾ ಇಳಿಸಿಕೊಳ್ಳಲೇಬೇಕು, ಜೊತೆಗೆ ಆಮೇಲೆ ಹಳೇ ವಾಲೆಟ್ ಜೋಡಿಸಲು ಹೋದರೆ ಬೇಕಾದ ಬ್ಲಾಕ್ ಅಳಿಸಿ ಹೋಗಿರುತ್ತದೆ. ಅದಕ್ಕೇ ನಾನು ಸದ್ಯಕ್ಕೆ ಪೂರ್ತಿ ಇಟ್ಟುಕೊಂಡಿದ್ದೇನೆ. ಹೊರಗಿನ ನೋಡ್‌ಗಳು ಒಳಬರುವ ಬಾಗಿಲಾದ 8333 ಪೋರ್ಟ್ ಮಾತ್ರ ಮುಚ್ಚಿದ್ದೇನೆ, ತೆರೆದರೆ ಹೊಸಬರಿಗೆಲ್ಲ ಬ್ಲಾಕ್ ಹಂಚುತ್ತಾ ಇಂಟರ್ನೆಟ್ ಕೋಟಾ ಖಾಲಿಯಾಗುತ್ತದೆ.