ಬಿಸಲು ಹಿತ ಹೆಂಗ್ರಿ ಟೀಚರ್?

ಮೇ ತಿಂಗಳಾಗ ನಮ್ ಕಲಬುರಗಿ ಚರ್ಚಿನಾಗ ವಿಬಿಎಸ್ (ಹುಡುಗರಿಗಿ ರಜೆದಾಗ ನಡ್ಸೋ ಬೈಬಲ್ ಶಾಲಿ) ಇರ್ತದ, ಮುಂಜಾನೆ ಎಂಟಕ್ಕ ಸುರು ಮಾಡಿ ಹನ್ನೊಂದರೊಳಗ ಮುಗಿಸ್ತೀವಿ, ಆಮೇಲೆ ತಗಡಿನ ಕೆಳಗ ಯಾರೂ ಕೂಡಂಗಿಲ್ಲ. ಹಾಡು ಕಲ್ಸೋದು ನನ್ ಪಾಲಿಗಿ. ಈ ಸಲ ಸೃಷ್ಟಿ ಅಂತ ಥೀಮ್ ಕೊಟ್ಟಿದ್ರು, ಅದಕ್ಕ ನಾ ಸಣ್ಣಾಕಿ ಇದ್ದಾಗ ಕಲ್ತ 'ಆಲ್ ಥಿಂಗ್ಸ್ ಬ್ರೈಟ್ ಅಂಡ್ ಬ್ಯೂಟಿಫುಲ್' ಅನ್ನೋ ಇಂಗ್ಲಿಷ್ ಚರ್ಚಿನ ಹಾಡು ತಗೊಂಡು ನಾನೇ ಕನ್ನಡಕ್ಕ ಕೂಡ್ಸಿದ್ದೆ. ಹೂವು ಹಕ್ಕಿ ತನಕಾ ಚಲೋ ನಡೀತು, ಮುಂದ ಬ್ಯಾಸಗಿ ಹಿತವಾದ ಬಿಸಲು ಅಂತ ಬಂತು ನೋಡ್ರಿ, ಹಿಂದ ಕೂತ ಹುಡುಗ ಎದ್ದು "ಟೀಚರ್, ಬಿಸಲು ಹಿತ ಹೆಂಗ್ರಿ?" ಅಂದ, ಎಲ್ಲಾ ಹುಡುಗ್ರೂ ನಕ್ಕವು. ನನಗೂ ನಗು ತಡೀಲಿಲ್ಲ.

ಖರೇ ಅಂದ್ರ ತಪ್ಪು ಹಾಡು ಬರ್ದವರದೂ ಅಲ್ಲ. ಬರ್ದವರು ಸೆಸಿಲ್ ಫ್ರಾನ್ಸಿಸ್ ಅಲೆಕ್ಸಾಂಡರ್, ಐರ್ಲೆಂಡಿನವರು, 1848ರಾಗ ಸಣ್ ಹುಡುಗರ ಸಲುವಾಗೇ ಮಾಡಿದ ಪುಸ್ತಕದಾಗ ಈ ಹಾಡು ಅದ. ಚರ್ಚಿನಾಗ ಎಲ್ಲಾರೂ ಕೂಡಿ ಹೇಳೋ ವಿಶ್ವಾಸ ಪ್ರಮಾಣದಾಗ ಭೂಮಿ ಆಕಾಶ ಉಂಟು ಮಾಡಿದ ದೇವರು ಅಂತೀವಲ್ಲ, ಅಷ್ಟಕ್ಕೇ ಅರ್ಥ ಹೇಳ್ಲಿಕ್ಕೆ ಕಣ್ಣಿಗಿ ಕಾಣೋದೆಲ್ಲ ಒಂದೊಂದೇ ಹೇಳ್ತಾ ಹೋಗ್ಯಾರ. ಆ ಮೋಡದ ದೇಶದಾಗ ಬಿಸಲು ಬಿತ್ತಂದ್ರ ಹಬ್ಬ, ನಮಗ ಮೋಡ ಆಯ್ತಂದ್ರ ಹಬ್ಬ! ಇನ್ನ ಸಾಹುಕಾರ ಕೋಟೆಯೊಳಗ, ಬಡವ ಅವನ ಬಾಗಿಲ್ದಾಗ, ದೇವರೇ ಹಂಗ ಇಟ್ಟಾನ ಅನ್ನೋ ನುಡಿ ಒಂದದ, ಅದನ್ನ 1906ರ 'ಇಂಗ್ಲಿಷ್ ಹಿಮ್ನಲ್' ಅನ್ನೋ ಹಾಡಿನ ಪುಸ್ತಕದಾಗೇ ಬಿಟ್ರು, ನಾನೂ ಬಿಟ್ಟೆ.

ಧಾಟಿದು ಬ್ಯಾರೆ ಕಥಿ. ನಾ ಕಲ್ತಿದ್ದು ಇಂಗ್ಲೆಂಡಿನ ಸಂಗೀತಗಾರ ಡಬ್ಲ್ಯೂ. ಎಚ್. ಮಾಂಕ್ ಅವರ 1887ರ ಧಾಟಿ, ಚಂದ ಅದ ಆದ್ರ ನನ್ ಹಾರ್ಮೋನಿಯಮ್‌ದಾಗ ಅದು ಎಳೀತು, ಹುಡುಗರು ಆಕಳಿಸ್ಲಿಕ್ಕೆ ಹತ್ತಿದ್ವು. ಮರುದಿನ 'ರಾಯಲ್ ಓಕ್' ಹಾಡ್ಸಿದೆ. ಅದು ಹಳೇ ಇಂಗ್ಲಿಷ್ ಜನಪದ ಧಾಟಿ, ಸಂಗೀತಗಾರ ಮಾರ್ಟಿನ್ ಶಾ 1915ರಾಗ ಈ ಹಾಡಿಗಿ ಜೋಡಿಸ್ಯಾರ. 1651ರಾಗ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ಲಡಾಯಿ ಸೋತು ಓಕ್ ಗಿಡದಾಗ ಅಡಗಿ ಕೂತಿದ್ದ, 1660ರ ಮೇ 29ಕ್ಕ ರಾಜನಾಗಿ ಲಂಡನ್‌ಗಿ ತಿರುಗಿ ಬಂದ, ಧಾಟಿ ಹೆಸರು ಆ ಗಿಡದ್ದೇ. ರಾಜಾ ಗಿಡ ಹತ್ತಿದ್ನಂತ ಅಂತ ಹೇಳಿದ್ದೇ ತಡ, ಅವತ್ತು ಬೈಬಲ್ ಕಥಿ ಯಾರಿಗೂ ನೆಪ್ಪಿಲ್ಲ.

ಆ ಬಿಸಲಿನ ಸಾಲು ಮಾತ್ರ ಹಂಗೇ ಉಳೀತು. ಇಂಗ್ಲಿಷ್‌ದಾಗ ಒಂದೊಂದು ಸಾಲಿಗಿ ಏಳು, ಆರು, ಏಳು, ಆರು ಉಚ್ಚಾರದ ಲೆಕ್ಕ, ಬಿಸಲಿನ ಸಾಲಿಗಿ ಆರು. "ನಿಮಗ ಏನು ಹಿತ ಹೇಳ್ರಿ" ಅಂದೆ. ಐಸ್‌ಕ್ಯಾಂಡಿ ಅಂದ್ವು, ಕೂಲರ್ ಅಂದ್ವು (ಕೂಲರ್ ದೇವರು ಮಾಡಿಲ್ಲಪ್ಪ), ಕಡೀಗಿ ಒಬ್ಬಾಕಿ "ಮಿರಗದ ಮಳಿ" (ಬ್ಯಾಸಗಿ ಮುಗಿದ ಮ್ಯಾಲೆ ಬರೋ ಮೃಗಶಿರಾ ಮಳಿ) ಅಂದ್ಲು. ಎಣಿಸಿದ್ರ ಸರಿಯಾಗಿ ಆರು! ಆದ್ರ ಆ ಸಾಲು ತಾಳಕ್ಕಿಂತ ಒಂದು ಉಚ್ಚಾರ ಮೊದ್ಲೇ ಎತ್ತಬೇಕು, ಕನ್ನಡದಾಗ ಒತ್ತು ಮೊದಲನೇ ಅಕ್ಷರಕ್ಕೇ ಬೀಳ್ತದ, ಹಿಂಗಾಗಿ 'ಮಿ' ನುಂಗಿ ಹೋಗಿ ಬರೀ ರಗದಮಳಿ ಕೇಳ್ತಿತ್ತು. ಹುಡುಗರೇ ದಾರಿ ಹುಡುಕಿದ್ವು, ಮನ್ಯಾಗ ಮಾತಾಡಿದಂಗ "ಆ ಮಿರಗ್ದ ಮಳಿ" ಅಂತ ಹಾಡಿದ್ವು, ಕೂತು ಬಿಡ್ತು.

ಕಡೀ ದಿನ ತಂದಿ ತಾಯಿ ಮುಂದ ಹಾಡ್ಸಿದೆ. ಆ ಸಾಲು ಬಂದಾಗ ಹಿಂದ ಕೂತ ರೈತ ಅಜ್ಜಾ ಒಬ್ರು ಜೋರಾಗೇ "ಬರ್ಲಿ ಬರ್ಲಿ" ಅಂದ್ರು.