ಜಾರುಬಂಡೆ ಜಾರುತ್ತದೆಯೇ?

ನಾನು ಬಂಡೆಯ ಮೇಲೆ ಸೈಕಲ್ ಹೊಡೆಯುವ ಫೋಟೋ ನೋಡಿದವರೆಲ್ಲ ಕೇಳುವುದು ಇದನ್ನೇ. ಬಾದಾಮಿ ಕಡೆಯ ನಮ್ಮ ದೊಡ್ಡವ್ವ ಕೇಳಿದ ಧಾಟಿಯಲ್ಲೇ ಹೇಳುವುದಾದರೆ: “ಅಷ್ಟು ಕಡಿದಾದ ಕಲ್ಲಿನ ಮ್ಯಾಲೆ ಸೈಕಲ್ ಹೊಡಿತೀಯಲ್ಲೋ ತಮ್ಮಾ, ಜಾರಂಗಿಲ್ಲೇನು?”

ಜಾಗ ಅಮೆರಿಕದ ಯೂಟಾ ರಾಜ್ಯದ ಮೋಆಬ್. ಕೊಲೊರಾಡೊ ನದಿಯ ಪಕ್ಕದ ಸಣ್ಣ ಊರು. ಒಂದು ಕಾಲದಲ್ಲಿ ಯುರೇನಿಯಂ ಗಣಿಗಳಿಂದ ಬದುಕಿದ್ದು, ಈಗ ಸೈಕಲ್ಲಿನವರಿಂದ ತುಂಬಿರುತ್ತದೆ. ಊರ ಮೇಲಿನ ಬಂಡೆಗಳಲ್ಲಿ ಸುಮಾರು 16 ಕಿ.ಮೀ. ಸುತ್ತಿನ ದಾರಿಯೊಂದಿದೆ. ಅದರ ಹೆಸರೇ ಸ್ಲಿಕ್‌ರಾಕ್, ಅಂದರೆ ನುಣುಪು ಬಂಡೆ. ಹೆಸರು ಕೇಳಿದ ಮೇಲೆ ದೊಡ್ಡವ್ವನ ಅನುಮಾನ ತಪ್ಪೆನ್ನಲಾಗದು.

ಆದರೆ ಆ ಹೆಸರಿಟ್ಟವರು ಕುದುರೆಯವರು. ಕಬ್ಬಿಣದ ಲಾಳ ಆ ಬಂಡೆಯ ಮೇಲೆ ನಿಲ್ಲುತ್ತಿರಲಿಲ್ಲ. ರಬ್ಬರಿನ ಮಾತು ಬೇರೆ. ಕೈಯಿಂದ ಸವರಿ ನೋಡಿ, ಬಡಗಿಯ ಉಜ್ಜುಕಾಗದದ ಹಾಗೆ ತರಿತರಿ. ಗಾಳಿ ತುಸು ಕಡಿಮೆ ಮಾಡಿದ ದಪ್ಪ ಟೈರು ಕಚ್ಚಿಕೊಂಡು ಹತ್ತುತ್ತದೆ. ಇಲ್ಲಿ ದಾರಿ ಗುರುತು ಹಾಕಿದ್ದು 1969ರಲ್ಲಿ, ಅದೂ ಮೋಟಾರ್‌ಸೈಕಲ್ಲುಗಳಿಗೆ! ಈಗಲೂ ಬಂಡೆಯ ಮೇಲೆ ಬಳಿದ ಬಿಳಿ ಗೆರೆ ಹಿಡಿದೇ ಸಾಗಬೇಕು. ಏರಿನಲ್ಲಿ ಸೀಟಿನ ಮುಂತುದಿಗೆ ಸರಿದು ಎದೆಯನ್ನು ಹ್ಯಾಂಡಲ್‌ಗೆ ಬಾಗಿಸಿದರೆ ಆಯಿತು. ಟೈರಿನ ಹಿಡಿತ ತಪ್ಪುವ ಮೊದಲೇ ನಮ್ಮ ಉಸಿರು ಸೋಲುತ್ತದೆ. (ಹೊಸಬರಿಗೆಂದೇ ಅಭ್ಯಾಸದ ಚಿಕ್ಕ ಸುತ್ತೊಂದಿದೆ. ಅದು ಸುಲಭ ಎಂದವರನ್ನು ನಂಬಬೇಡಿ.)

ಹಾಗಾದರೆ ನಾನು ಬಿದ್ದಿಲ್ಲವೇ? ಬಿದ್ದಿದ್ದೇನೆ, ಆದರೆ ಬಂಡೆಯಿಂದಲ್ಲ. ಎರಡು ಗುಡ್ಡೆಗಳ ನಡುವಿನ ತಗ್ಗಿನಲ್ಲಿ ಮರಳು ಕೂತಿರುತ್ತದೆ. ಇಳುಕಲಿನ ರಭಸದಲ್ಲಿ ಅದಕ್ಕೆ ನುಗ್ಗಿದೆ. ಮುಂದಿನ ಚಕ್ರ ಹೂತಿತು, ಸೈಕಲ್ ಅಲ್ಲೇ ನಿಂತಿತು, ನಾನು ನಿಲ್ಲಲಿಲ್ಲ. ಬಂಡೆಯ ಮೇಲೆಯೂ ಒಂದು ಹಿಡಿ ಸಡಿಲ ಮರಳು ಚೆಲ್ಲಿದ್ದರೆ ಗೋಲಿಗಳ ಮೇಲೆ ಕಾಲಿಟ್ಟಂತೆಯೇ.

ತಮಾಷೆಯೆಂದರೆ ಎರಡೂ ಒಂದೇ ವಸ್ತು. ನವಾಹೊ ಎಂಬ ಹೆಸರಿನ ಈ ಮರಳುಗಲ್ಲು ಸುಮಾರು 19 ಕೋಟಿ ವರ್ಷಗಳ ಹಿಂದೆ ಮರಳುಗಾಡಿನ ದಿಬ್ಬವಾಗಿತ್ತು. ಗಾಳಿ ಪೇರಿಸಿದ ಓರೆ ಪದರಗಳು ಇಂದಿಗೂ ಬಂಡೆಯಲ್ಲಿ ಗೆರೆಗೆರೆಯಾಗಿ ಕಾಣುತ್ತವೆ. ಅಂಟಿಕೊಂಡಿರುವ ತನಕ ಯಾವ ಕಣ ಟೈರನ್ನು ಹಿಡಿಯುತ್ತದೋ, ಬಿಡಿಯಾದ ಮೇಲೆ ಅದೇ ಕಣ ನಮ್ಮನ್ನು ಕೆಡಹುತ್ತದೆ.

ಮರಳು ತಪ್ಪಿಸಿ ಪಕ್ಕದ ನೆಲದಲ್ಲಿ ಹೋಗಬಾರದೇ ಎಂದರೆ, ಹೋಗಲೇಬಾರದು. ಅಲ್ಲಿ ಕಪ್ಪಗೆ ಉಬ್ಬುಬ್ಬಾಗಿ ಕಾಣುವ ಹಕ್ಕಳೆ ಬರೀ ಮಣ್ಣಲ್ಲ, ಜೀವ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು, ಕಲ್ಲುಹೂವು, ಪಾಚಿಗಳು ಸೇರಿ ಮರಳನ್ನು ಹೆಣೆದು ಹಿಡಿದಿರುತ್ತವೆ. ಒಂದು ಟೈರಿನ ಗುರುತು ಮಾಯಲು ದಶಕಗಳೇ ಬೇಕಾಗಬಹುದು. ದಾರಿಯಲ್ಲಿ ಮರಳು ಸಿಕ್ಕರೆ ಇಳಿದು ತಳ್ಳುತ್ತೇನೆ, ನಾಚಿಕೆಯಿಲ್ಲ.

ಬಿಸಿಲಿನ ಬಗ್ಗೆ ಎರಡೇ ಮಾತು: ಬೇಸಿಗೆಯಲ್ಲಿ 38 ಡಿಗ್ರಿ ದಾಟುತ್ತದೆ, ದಾರಿಯಲ್ಲಿ ಒಂದು ಹನಿ ನೀರು ಸಿಗುವುದಿಲ್ಲ. ಏಪ್ರಿಲ್ ಇಲ್ಲವೇ ಅಕ್ಟೋಬರಿನಲ್ಲಿ ಹೋಗಿ, ಬೆನ್ನಿಗೆ ಮೂರು ಲೀಟರ್ ಇರಲಿ.

ಇನ್ನು ಪಂಕ್ಚರ್. ಅದು ಆಗಿದ್ದು ಬಂಡೆಯ ಮೇಲಲ್ಲ, ವಾಪಸ್ ಊರಿಗೆ ಬಂದು ಪಾರ್ಕಿಂಗ್ ಅಂಚಿಗೆ ಸೈಕಲ್ ಒರಗಿಸಿದಾಗ. ಬಗ್ಗಿ ಮುಳ್ಳು ಕಿತ್ತರೆ, ನಮ್ಮ ನೆಗ್ಗಿಲ ಮುಳ್ಳು! ಹೊಲದ ಬದುವಿನಲ್ಲಿ ಬರಿಗಾಲಿಗೆ ಚುಚ್ಚುತ್ತಿದ್ದ ಅದೇ ಗಿಡ. ಹೊರಗಿನಿಂದ ಬಂದು ಈ ಒಣನಾಡಿನಲ್ಲೂ ಬೇರೂರಿದೆ.

ಆ ಮುಳ್ಳನ್ನು ದೊಡ್ಡವ್ವನಿಗೆ ವಿಡಿಯೋದಲ್ಲಿ ತೋರಿಸಿದೆ. ಆಕೆ ಮುಳ್ಳಿಗಿಂತ ಸೈಕಲ್ಲನ್ನೇ ಹೆಚ್ಚು ನೋಡಿದಳು. “ಅಷ್ಟು ರೊಕ್ಕಾ ಕೊಟ್ಟೀಯಂತ, ಸ್ಟ್ಯಾಂಡ್ ಯಾಕ ಕೊಟ್ಟಿಲ್ಲ ಅವ್ರು? ಕ್ಯಾರಿಯರ್?”