ಸ್ಟುಟ್‌ಗಾರ್ಟಿನಲ್ಲಿ ಹಲ್ಲು ಕೀಳಿಸಿ, ಕಟ್ಟಿಸಿಕೊಂಡದ್ದು

ಹೊರದೇಶದಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲ್ಲಿನ ವಿಷಯಕ್ಕೆ ಒಂದು ರೂಢಿಯಿದೆ. ನೋವು ಕಾಣಿಸಿಕೊಂಡರೆ ಮಾತ್ರೆ ನುಂಗಿ ದಿನ ದೂಡುವುದು, ರಜೆಗೆ ಊರಿಗೆ ಹೋದಾಗ ಪರಿಚಯದ ಡಾಕ್ಟರ ಬಳಿ ಎಲ್ಲವನ್ನೂ ಒಟ್ಟಿಗೆ ಮುಗಿಸಿಕೊಂಡು ಬರುವುದು. ಹುಳುಕು ತುಂಬಿಸುವುದಕ್ಕೆ, ಕ್ಯಾಪ್ ಹಾಕಿಸುವುದಕ್ಕೆ ಈ ಲೆಕ್ಕ ಹೇಗೋ ಹೊಂದುತ್ತದೆ. ಆದರೆ ಹಲ್ಲನ್ನೇ ಕೀಳಿಸಿ ಅದರ ಜಾಗದಲ್ಲಿ ಇಂಪ್ಲಾಂಟ್ (ಕಟ್ಟುವ ಹಲ್ಲಿಗೆ ಬೇರಿನಂತೆ ಮೂಳೆಯೊಳಗೆ ಬಿಗಿಯುವ ಲೋಹದ ತಿರುಪು) ಕೂರಿಸುವಾಗ ಹೆಚ್ಚಿನ ಕೆಲಸ ನಡೆಯುವುದು ನಮ್ಮ ದವಡೆಯ ಮೂಳೆಯೊಳಗೆ, ಮತ್ತು ಮೂಳೆ ಕೇಳುವ ತಿಂಗಳುಗಳನ್ನು ಯಾವ ಕಂಪನಿಯ ರಜೆಯೂ ಕೊಡುವುದಿಲ್ಲ. ಜರ್ಮನಿಗೆ ಹೊಸದಾಗಿ ಬರುತ್ತಿರುವ ಕನ್ನಡದ ಕುಟುಂಬಗಳು ಇದನ್ನು ನೋವು ಬರುವ ಮೊದಲೇ ತಿಳಿದಿರಬೇಕೆಂಬ ಆಸೆಯಿಂದ ನನ್ನ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನದು ಎಡಗಡೆಯ ಕೆಳದವಡೆಯ ದೊಡ್ಡ ಹಲ್ಲು. ಎಷ್ಟೋ ವರ್ಷಗಳ ಹಿಂದೆ ದಾವಣಗೆರೆಯಲ್ಲಿ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಿದ್ದ ಆ ಹಲ್ಲು ಅಷ್ಟು ಕಾಲವೂ ನಿಷ್ಠೆಯಿಂದ ದುಡಿದಿತ್ತು. ಕಳೆದ ಚಳಿಗಾಲದಲ್ಲಿ ಅದರ ಪಕ್ಕದ ಒಸಡಿನಲ್ಲಿ ಸಣ್ಣ ಗುಳ್ಳೆಯೊಂದು ಎದ್ದು, ಒತ್ತಿದರೆ ಕೀವು ಬರತೊಡಗಿತು. ಇಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದ ಮೇಲೆ, ಗುರುತುಗಳಿರುವ ತೆಳುವಾದ ಕಡ್ಡಿಯನ್ನು ಒಸಡಿಗೂ ಹಲ್ಲಿಗೂ ನಡುವೆ ಇಳಿಸಿ ಹಲ್ಲಿನ ಸುತ್ತಲೂ ಅಳೆದರು. ಎಲ್ಲ ಕಡೆಯೂ ಎರಡು ಮೂರು ಮಿಲಿಮೀಟರಿಗೆ ನಿಂತ ಕಡ್ಡಿ ಒಂದೇ ಒಂದು ಕಡೆ ಸರಕ್ಕನೆ ಆಳಕ್ಕೆ ಇಳಿಯಿತು. ಬೇರು ಉದ್ದಕ್ಕೆ ಸೀಳಿರುವುದರ ಲಕ್ಷಣ ಅದು ಎಂದು ಅವರು ವಿವರಿಸಿದರು. ಸೀಳು ಕೂದಲೆಳೆಯಷ್ಟು ಸಣ್ಣದಾಗಿದ್ದರೆ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಆದರೆ ಅದರ ಗುಂಟ ಸೋಂಕು ಇಳಿದು ಸುತ್ತಲಿನ ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಹೀಗೆ ಸೀಳಿದ ಬೇರನ್ನು ಮತ್ತೆ ಕೂಡಿಸುವ ಭರವಸೆಯ ಚಿಕಿತ್ಸೆ ಇಲ್ಲದಿರುವುದರಿಂದ ಹಲ್ಲನ್ನು ತೆಗೆಯಲೇಬೇಕಾಯಿತು.

ವಿಷಯ ತಿಳಿದ ಸಂಜೆಯೇ ಅಕ್ಕನ ಫೋನ್ ಬಂತು. “ಅಲ್ಲಿ ಯಾಕೆ ಅಷ್ಟು ದುಡ್ಡು ಸುರೀತೀಯ? ಊರಿಗೆ ಬಂದಾಗ ಇಲ್ಲೇ ಕಟ್ಟಿಸಿಕೊಂಡು ಹೋಗು” ಎಂದಳು. ಅವಳ ಮಾತಿನಲ್ಲಿ ಹುರುಳಿತ್ತು. ಕರ್ನಾಟಕದಲ್ಲಿ ದಂತವೈದ್ಯಕೀಯ ಕಾಲೇಜುಗಳಿಗಾಗಲಿ ನುರಿತ ಕೈಗಳಿಗಾಗಲಿ ಕೊರತೆಯಿಲ್ಲ, ಖರ್ಚೂ ಇಲ್ಲಿಗಿಂತ ಬಹಳ ಕಡಿಮೆ. ಹಲ್ಲು ಕಿತ್ತ ಗುಳಿ ತುಂಬಿಕೊಳ್ಳಲು ಎರಡು ಮೂರು ತಿಂಗಳು, ಇಂಪ್ಲಾಂಟ್ ಕೂರಿಸಿದ ಮೇಲೆ ಮೂಳೆ ಅದನ್ನು ಹಿಡಿದುಕೊಳ್ಳಲು ಕೆಳದವಡೆಯಲ್ಲಾದರೆ ಸಾಮಾನ್ಯವಾಗಿ ಮೂರು ತಿಂಗಳು, ಮೂಳೆ ಮೆತ್ತಗಿರುವ ಮೇಲ್ದವಡೆಯಲ್ಲಾದರೆ ಇನ್ನೂ ಹೆಚ್ಚು, ಆಮೇಲೆ ಅಳತೆ ತೆಗೆದು ಕ್ಯಾಪ್ ಮಾಡಿಸುವ ಓಡಾಟ, ಇವನ್ನೆಲ್ಲ ಕೂಡಿಸಿದಾಗ ಅಕ್ಕನಿಗೂ ನನ್ನ ಕಷ್ಟ ಅರ್ಥವಾಯಿತು. ಕಿತ್ತ ದಿನವೇ ಇಂಪ್ಲಾಂಟ್ ಹಾಕುವ ಪದ್ಧತಿಯೂ ಇದೆ. ಆದರೆ ಕೀವಾಗಿ ಮೂಳೆ ಕರಗಿದ ಜಾಗಕ್ಕೆ ನನ್ನ ಡಾಕ್ಟರು ಅದನ್ನು ಒಪ್ಪಲಿಲ್ಲ. ನಡುವೆ ಏನಾದರೂ ಹೆಚ್ಚುಕಡಿಮೆಯಾದರೆ ತೋರಿಸಬೇಕಾದ ವೈದ್ಯರು ಏಳು ಸಾವಿರ ಕಿಲೋಮೀಟರ್ ದೂರದಲ್ಲಿರುತ್ತಾರೆ ಎಂಬುದನ್ನು ಉಳಿತಾಯದ ಲೆಕ್ಕ ಹಾಕುವವರು ಮರೆಯಬಾರದು.

ಜರ್ಮನಿಯ ಸಾರ್ವಜನಿಕ ವಿಮೆಯಲ್ಲಿ ಹಲ್ಲು ಕೀಳುವುದಕ್ಕೆ ನಾವು ಕೈಯಿಂದ ಏನೂ ಕೊಡಬೇಕಾಗಿಲ್ಲ. ಕಿತ್ತ ಜಾಗದಲ್ಲಿ ಹಲ್ಲು ಕಟ್ಟಿಸುವ ವ್ಯವಸ್ಥೆಯೇ ಬೇರೆ. ಮೊದಲು ಡಾಕ್ಟರು ‘ಹೈಲ್ ಉಂಡ್ ಕೋಸ್ಟೆನ್‌ಪ್ಲಾನ್’ ಎಂಬ ಚಿಕಿತ್ಸೆ ಮತ್ತು ಖರ್ಚಿನ ಯೋಜನೆಯನ್ನು ಸಿದ್ಧಪಡಿಸಿ ವಿಮೆಗೆ ಕಳುಹಿಸುತ್ತಾರೆ. ಒಪ್ಪಿಗೆ ಬರುವ ಮೊದಲು ಕಟ್ಟುವ ಕೆಲಸ ಆರಂಭಿಸುವಂತಿಲ್ಲ. ಆ ಯೋಜನೆಯಲ್ಲಿ ಬಾಯಿಯ ಅಷ್ಟೂ ಹಲ್ಲುಗಳ ನಕ್ಷೆಯಿರುತ್ತದೆ. ನನ್ನ ಆ ಹಲ್ಲಿಗೆ ದಂತವೈದ್ಯರ ಗುರುತಿನ ಸಂಖ್ಯೆ 36; ಅದರ ಮನೆಯಲ್ಲಿ, ಹಲ್ಲಿಲ್ಲ ಎಂಬುದಕ್ಕೆ ‘ಎಫ್’ ಅಕ್ಷರವಿತ್ತು. ಅದರ ಕೆಳಗಿನ ಸಾಲಿನಲ್ಲಿ ವಿಮೆಯ ದೃಷ್ಟಿಯ ಸಾಮಾನ್ಯ ಪರಿಹಾರವಾಗಿ ‘ಕೆ, ಬಿ, ಕೆ’ ಎಂದಿತ್ತು, ಅಂದರೆ ಎರಡು ಪಕ್ಕದ ಹಲ್ಲುಗಳಿಗೆ ಕ್ಯಾಪ್ ಹಾಕಿ ನಡುವೆ ತೂಗಿಸುವ ಬ್ರಿಡ್ಜ್. ನಾನು ಆರಿಸಿಕೊಂಡ ಇಂಪ್ಲಾಂಟ್ ಬೇರೊಂದು ಸಾಲಿನಲ್ಲಿತ್ತು.

ಇಲ್ಲಿ ಹೊಸಬರಿಗೆ ಗೊಂದಲವಾಗುವುದು ಸಹಜ. ಇಂಪ್ಲಾಂಟ್ ಮಾಡಿಸಿದರೂ ವಿಮೆ ಕೊಡುವುದು ಬ್ರಿಡ್ಜಿಗೆ ಎಷ್ಟು ಕೊಡುತ್ತಿತ್ತೋ ಅಷ್ಟನ್ನೇ. ಮಿಕ್ಕದ್ದೆಲ್ಲ ನಮ್ಮ ಜೇಬಿನದು. 2020ರ ಅಕ್ಟೋಬರ್‌ನಿಂದ ಆ ಸಹಾಯಧನ ಸಾಮಾನ್ಯ ಪರಿಹಾರದ ನಿಗದಿತ ವೆಚ್ಚದ ಶೇ. 60ರಷ್ಟಿದೆ. ‘ಬೋನಸ್‌ಹೆಫ್ಟ್’ ಎಂಬ ಸಣ್ಣ ಪುಸ್ತಕದಲ್ಲಿ ವರ್ಷಕ್ಕೊಮ್ಮೆ ತಪಾಸಣೆಯ ಮುದ್ರೆಯನ್ನು ಸತತ 5 ವರ್ಷ ಹಾಕಿಸಿದ್ದವರಿಗೆ ಶೇ. 70, 10 ವರ್ಷ ಹಾಕಿಸಿದ್ದವರಿಗೆ ಶೇ. 75 ಸಿಗುತ್ತದೆ. ಮುದ್ರೆಗೆ ಬೇಕಾದ ತಪಾಸಣೆ ಉಚಿತ. ಆದ್ದರಿಂದ ಬಂದ ಮೊದಲ ವರ್ಷದಲ್ಲೇ, ಹಲ್ಲೆಲ್ಲ ಗಟ್ಟಿಯಾಗಿರುವಾಗಲೇ, ಒಮ್ಮೆ ಹೋಗಿ ಈ ಪುಸ್ತಕವನ್ನು ಆರಂಭಿಸಿ ಎಂದು ಪರಿಚಯದವರಿಗೆಲ್ಲ ನಾನು ಒತ್ತಿ ಹೇಳುತ್ತೇನೆ. ಹಲ್ಲಿಗೆಂದೇ ಪ್ರತ್ಯೇಕ ಖಾಸಗಿ ವಿಮೆಗಳೂ ಉಂಟು; ಆದರೆ ಡಾಕ್ಟರು ಚಿಕಿತ್ಸೆ ಬೇಕೆಂದು ಬರೆದಿಟ್ಟ ಮೇಲೆ ಸೇರಿದರೆ ಆ ಹಲ್ಲಿಗೆ ಅವು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಒಂದು ಇಂಪ್ಲಾಂಟಿಗೆ ಕ್ಯಾಪ್ ಸೇರಿ ಇಲ್ಲಿ ಎರಡು ಸಾವಿರದಿಂದ ಮೂರೂವರೆ ಸಾವಿರ ಯೂರೊವರೆಗೆ ಬೀಳುತ್ತದೆ. ಅಷ್ಟು ದುಬಾರಿಯಾದರೂ ನಾನು ಅದನ್ನೇ ಒಪ್ಪಿದ್ದು ಅಕ್ಕಪಕ್ಕದ ಎರಡು ಹಲ್ಲುಗಳೂ ಚೆನ್ನಾಗಿದ್ದುದರಿಂದ. ಬ್ರಿಡ್ಜ್ ಬೇಕೆಂದರೆ ಅವೆರಡನ್ನೂ ಸುತ್ತ ಉಜ್ಜಿ ಸಣ್ಣದು ಮಾಡಬೇಕಾಗುತ್ತದೆ, ಹಾಗೆ ಉಜ್ಜಿದ್ದು ಮತ್ತೆ ಬೆಳೆಯುವುದಿಲ್ಲ.

ಕೀಳುವ ದಿನ ಕೊಟ್ಟ ಅರಿವಳಿಕೆ ಆರ್ಟಿಕೇನ್, 1970ರ ದಶಕದಲ್ಲಿ ಜರ್ಮನಿಯಲ್ಲೇ ಬಳಕೆಗೆ ಬಂದ ಮದ್ದು. ತುಟಿಯೂ ನಾಲಿಗೆಯ ಅರ್ಧವೂ ಮರಗಟ್ಟಿದ ಮೇಲೆ ಡಾಕ್ಟರು ಹಲ್ಲನ್ನು ಇಡಿಯಾಗಿ ಎಳೆಯಲಿಲ್ಲ. ಮೊದಲು ಡ್ರಿಲ್ಲಿನಿಂದ ನಡುವೆ ಕೊಯ್ದು ಎರಡು ಭಾಗ ಮಾಡಿ, ಮುಂದಿನ ಬೇರು, ಹಿಂದಿನ ಬೇರು ಎಂದು ಒಂದೊಂದನ್ನೇ ಮೀಟಿ ಸಡಿಲಿಸಿದರು. ಇಂಪ್ಲಾಂಟಿಗೆ ಬೇಕಾದ ಮೂಳೆಯ ಗೋಡೆ ಒಡೆಯದಿರಲೆಂದು ಈ ನಿಧಾನ. ನೋವಿರಲಿಲ್ಲ, ಆದರೆ ದವಡೆಯ ಮೇಲೆ ಬೀಳುವ ಒತ್ತಡ ಮತ್ತು ಕಿವಿಯ ಬುಡದಲ್ಲೇ ಕೇಳಿದ ಲಟಕ್ಕೆಂಬ ಸದ್ದು ತಡೆಯಲಾಗದಷ್ಟು ಹತ್ತಿರವಿದ್ದವು. ಕಿತ್ತ ಬೇರನ್ನು ತಟ್ಟೆಯಲ್ಲಿ ಹೊರಳಿಸಿ ತೋರಿಸಿದಾಗ, ಅದರ ಉದ್ದಕ್ಕೂ ಕಂದು ಬಣ್ಣದ ಗೆರೆ ಸ್ಪಷ್ಟವಾಗಿ ಕಂಡಿತು.

ಮಡಚಿದ ಹತ್ತಿಯ ಬ್ಯಾಂಡೇಜ್ ಬಟ್ಟೆಯನ್ನು ಕಚ್ಚಿ ಹಿಡಿಯಬೇಕು, ಅಂದು ಬಾಯಿ ಮುಕ್ಕಳಿಸಬಾರದು, ಕೆನ್ನೆಗೆ ತಣ್ಣನೆಯ ಒತ್ತು ಕೊಡಬೇಕು ಎಂದು ಹೇಳಿ ಕಳುಹಿಸಿದರು. ಎರಡು ದಿನ ಆರಾಮವಾಗಿದ್ದು ಮೂರನೆಯ ದಿನಕ್ಕೆ ಕಿವಿಯವರೆಗೂ ಸೆಳೆಯುವ ನೋವು ಶುರುವಾಯಿತು. ಗುಳಿಯನ್ನು ಮುಚ್ಚಿ ಕಾಯಬೇಕಾದ ರಕ್ತದ ಗಡ್ಡೆ ಕರಗಿಯೋ ಕಿತ್ತುಬಂದೋ ಒಳಗಿನ ಮೂಳೆ ಬರಿದಾಗುವ ಈ ಸ್ಥಿತಿ ಕೆಳದವಡೆಯ ಹಿಂದಿನ ಹಲ್ಲುಗಳಲ್ಲಿ ಆಗಾಗ ಕಾಣುವಂಥದ್ದು, ಹೊಗೆಸೊಪ್ಪು ಸೇದುವವರಲ್ಲಿ ಇನ್ನೂ ಹೆಚ್ಚು. ಡಾಕ್ಟರು ಗುಳಿಯನ್ನು ತೊಳೆದು ಮದ್ದಿನ ಪಟ್ಟಿ ತುರುಕಿದ ಕೂಡಲೇ ಬಾಯಿತುಂಬ ಲವಂಗದ ಘಾಟು ಹರಡಿತು. ನಮ್ಮ ಮನೆಗಳಲ್ಲಿ ಹಲ್ಲುನೋವಿಗೆ ಹತ್ತಿಯಲ್ಲಿ ಅದ್ದಿ ಇಡುವ ಲವಂಗದೆಣ್ಣೆಯ ಸಾರವಾದ ಯೂಜಿನಾಲ್ ಅದರಲ್ಲಿತ್ತು. ನೋವು ಅರ್ಧ ಗಂಟೆಯೊಳಗೆ ಇಳಿಯಿತು.

ಬೇಸಿಗೆಯ ಹೊತ್ತಿಗೆ ಗುಳಿ ಮುಚ್ಚಿತ್ತು. ಕೆಳದವಡೆಯೊಳಗೆ ತುಟಿಗೆ ಸ್ಪರ್ಶಜ್ಞಾನ ಕೊಡುವ ನರವೊಂದು ಸಾಗುವುದರಿಂದ, ಅದಕ್ಕೆ ತಾಗದ ಆಳವನ್ನು ಲೆಕ್ಕ ಹಾಕಲು ಮೂರು ಆಯಾಮದ ಎಕ್ಸ್‌ರೇ ತೆಗೆದರು. ಇಂಪ್ಲಾಂಟ್ ಎಂಬುದು ಟೈಟೇನಿಯಮ್ ಎಂಬ ಲೋಹದ, ಸುತ್ತುಗೆರೆಗಳಿರುವ ತಿರುಪು. ಸ್ವೀಡನ್ನಿನ ವೈದ್ಯ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಮೂಳೆಯೊಳಗೆ ರಕ್ತಸಂಚಾರವನ್ನು ನೋಡಲು ಟೈಟೇನಿಯಮ್ಮಿನ ಸಣ್ಣ ವೀಕ್ಷಣಾ ಸಾಧನವನ್ನು ಕೂರಿಸಿದ್ದರು. ಅಧ್ಯಯನ ಮುಗಿದ ಮೇಲೆ ಅದನ್ನು ಹೊರತೆಗೆಯಲು ಹೋದರೆ ಮೂಳೆ ಬಿಡಲೇ ಇಲ್ಲ. ಅಲ್ಲಿಂದ ಹೊರಟ ಶೋಧ 1965ರಲ್ಲಿ ಮೊದಲ ರೋಗಿಯ ದವಡೆಗೆ ತಲುಪಿತು. ಮೂಳೆ ಕೊರೆಯುವಾಗ ಉದ್ದಕ್ಕೂ ತಣ್ಣನೆಯ ಉಪ್ಪುನೀರು ಸುರಿಯುತ್ತಲೇ ಇದ್ದರು; ಒಂದು ನಿಮಿಷ 47 ಡಿಗ್ರಿ ಸೆಲ್ಸಿಯಸ್ ದಾಟಿದರೂ ಮೂಳೆಯ ಜೀವಕೋಶಗಳು ಸಾಯುತ್ತವೆ, ಸತ್ತ ಮೂಳೆ ತಿರುಪನ್ನು ಹಿಡಿಯುವುದಿಲ್ಲ. ತಿರುಪನ್ನು ಒಸಡಿನೊಳಗೆ ಮುಚ್ಚಿ ಹೊಲಿಗೆ ಹಾಕಿದ ಮೇಲೆ ಮತ್ತೆ ಕಾಯುವ ಕಾಲ. ಹಲ್ಲು ಕೀಳುವುದಕ್ಕಿಂತ ಈ ಶಸ್ತ್ರಚಿಕಿತ್ಸೆ ನನಗೆ ಬಹಳ ಹಗುರವೆನಿಸಿತು.

ಶರತ್ಕಾಲದಲ್ಲಿ ಒಸಡನ್ನು ತೆರೆದು, ಅಳತೆ ತೆಗೆದು, ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿನ ಕ್ಯಾಪನ್ನು ತಿರುಪಿನ ಮೇಲೆ ಬಿಗಿದರು. ಈಗ ಎಡಗಡೆಯಲ್ಲೇ ಚಕ್ಕುಲಿ ಕಡಿಯುತ್ತೇನೆ. ಆದರೆ ಇಂಪ್ಲಾಂಟಿಗೂ ಮೂಳೆಗೂ ನಡುವೆ, ಸಹಜ ಹಲ್ಲಿಗಿರುವ ತೆಳುವಾದ ನಾರಿನ ಪದರ ಇರುವುದಿಲ್ಲವಾದ್ದರಿಂದ ಗಟ್ಟಿ ಮೆತ್ತಗೆಂಬ ಸೂಕ್ಷ್ಮ ಅಷ್ಟಾಗಿ ತಿಳಿಯುವುದಿಲ್ಲ. ಹುಳುಕು ಹಿಡಿಯದಿದ್ದರೂ ಸುತ್ತಲಿನ ಒಸಡು ಬಾತು ಮೂಳೆ ಕರಗುವ ಅಪಾಯವಿರುವುದರಿಂದ, ಹಲ್ಲಿನ ಸಂದಿಗೆ ಹೋಗುವ ಸಣ್ಣ ಬ್ರಷ್ಷಿನಿಂದ ದಿನವೂ ಶುಚಿ ಮಾಡುತ್ತೇನೆ.

ಕೊನೆಯ ಭೇಟಿಯಲ್ಲಿ ಕೈಗೆ ಕೊಟ್ಟ ಇಂಪ್ಲಾಂಟಿನ ಕಾರ್ಡಿನಲ್ಲಿ ತಯಾರಕರ ಹೆಸರು, ತಿರುಪಿನ ಉದ್ದ, ದಪ್ಪ, ತಯಾರಿಕೆಯ ಬ್ಯಾಚ್ ಸಂಖ್ಯೆ ಎಲ್ಲ ಇವೆ. ಒಂದು ಕಂಪನಿಯ ತಿರುಪಿಗೆ ಇನ್ನೊಂದರ ಬಿಡಿಭಾಗವಾಗಲಿ ಬಿಗಿಯುವ ಸಲಕರಣೆಯಾಗಲಿ ಹೊಂದುವುದು ಅಪರೂಪ. ಆದ್ದರಿಂದ ದೇಶ ಬದಲಿಸುತ್ತಲೇ ಇರುವ ನಮ್ಮಂಥವರು ಇದನ್ನು ಕೇಳಿ ಪಡೆಯಲೇಬೇಕು. ನಾನು ಅದರ ಫೋಟೊ ತೆಗೆದು ಅಕ್ಕನಿಗೂ ಕಳುಹಿಸಿದ್ದೇನೆ, ರಜೆಯಲ್ಲಿ ಕ್ಯಾಪ್ ಸಡಿಲವಾದರೆ ಊರಿನ ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ.